ಎರಡಾಣೆ ಮೋಡ

ಕೆಲಸಕ್ಕೆ ಸೇರಿದ ದಿನ ಬೆಳ್ಯಪ್ಪಣ್ಣ ಹೇಳಿದ್ದು:
ಉಷ್ಣಮಾಪಕ ಯಾರು ಬೇಕಾದರೂ ಓದುತ್ತಾರೆ,
ಮಳೆಯನ್ನು ಗಾಜಿನ ಅಳತೆಗೆ ಸುರಿದರೆ ಮುಗಿಯಿತು.
ಮೋಡಕ್ಕೆ ಮಾತ್ರ ಸಲಕರಣೆ ಇಲ್ಲ, ಸಫಿಯಾ.
ಅದಕ್ಕೆಂದು ಸರ್ಕಾರ ಇಟ್ಟುಕೊಂಡಿರುವುದು
ನಿನ್ನ ಎರಡು ಕಣ್ಣು.

ಬಿಳಿ ಜಾಲರಿ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತು
ಮಡಿಕೇರಿಯ ಆಕಾಶವನ್ನು
ಅಣ್ಣತಮ್ಮಂದಿರ ಜಮೀನಿನ ಹಾಗೆ ನಾಲ್ಕು ಪಾಲು ಮಾಡಿದರು:
ಗಾಳಿಬೀಡಿನ ಕಾಲು, ಸುಂಟಿಕೊಪ್ಪದ ಕಾಲು,
ಸಿದ್ದಾಪುರದ್ದೊಂದು, ಮೇಕೇರಿಯದೊಂದು.
ಒಂದೊಂದಕ್ಕೆ ನಾಲ್ಕಾಣೆ.
ಚದುರಿದ ಚಿಲ್ಲರೆಯನ್ನೆಲ್ಲ ಮನಸ್ಸಿನಲ್ಲೇ ಗುಡಿಸು,
ಮೂಲೆಗೆ ತಂದು ಎಣಿಸು.
ಎರಡಾಣೆ ಮೋಡಕ್ಕೆ ಒಂದು ಅಂಕಿ,
ಎಂಟಾದರೆ ಹದಿನಾರಾಣೆ ಮುಚ್ಚಿದ ಹಾಗೆ.

(ಆಣೆ ನಾನು ಕಂಡದ್ದು ಒಂದೇ,
ಅಜ್ಜಿಯ ಎಲೆಯಡಿಕೆ ಚೀಲದ ತಳದಲ್ಲಿ.)

ಬೆಟ್ಟದಂಚಿನ ಮೋಡವನ್ನು ನಂಬಬೇಡ ಅಂದರು.
ದೂರದಿಂದ ನೋಡಿದ ಬಸ್ಸಿನ ಸಾಲಿನ ಹಾಗೆ
ಒಂದರ ಹಿಂದೊಂದು ನಿಂತು ಗೋಡೆಯೆನಿಸುತ್ತವೆ,
ಹತ್ತಿರ ಹೋದರೆ ನಡುವೆ ದಾರಿ.
ಎಳ್ಳಷ್ಟು ಬಿಳುಪು ಇದ್ದರೂ ಸೊನ್ನೆ ಬರೆಯಬಾರದು.
ಸೂಜಿಗಣ್ಣಷ್ಟು ನೀಲಿ ಉಳಿದರೂ ಎಂಟು ಬರೆಯಬಾರದು.
ಏಳು. ಏಳೆಂದರೆ ಏಳೇ.

ಉಪವಾಸದ ಇಪ್ಪತ್ತೊಂಬತ್ತನೆಯ ಸಂಜೆ
ಕೊಂಡಂಗೇರಿಯಿಂದ ಮಾವನ ಫೋನು:
ಚಂದ್ರ ಕಾಣುವ ಹಾಗಿದೆಯಾ, ನಿನ್ನ ಮೇಕೇರಿ ಕಡೆ?
ಅಲ್ಲಿ ನಾಲ್ಕಾಣೆಗೆ ನಾಲ್ಕೂ ಮುಚ್ಚಿದೆ ಮಾಮ, ಎಂದೆ.
ಅತ್ತೆ ಒಲೆಗಿಟ್ಟ ತುಪ್ಪ ಕೆಳಗಿಳಿಸಿದರಂತೆ.

ಕಕ್ಕಡ ಬಂದರೆ ಬೇರೆಯೇ ಲೆಕ್ಕ.
ಮಂಜು ಮೆಟ್ಟಿಲು ಹತ್ತಿ ಬಂದು
ಗಾಳಿಕೋಳಿಯನ್ನು ನುಂಗಿ, ಮಳೆಮಾಪಕವನ್ನು ನುಂಗಿ,
ಚಾಚಿದ ಕೈಯ ಬಳೆಯೂ ಕಾಣದ ಹೊತ್ತಿಗೆ
ಪುಸ್ತಕದಲ್ಲಿ ಬರೆಯುವುದು ಒಂಬತ್ತು.
ಎಂಟಕ್ಕಿಂತ ಹೆಚ್ಚೆಂದಲ್ಲ,
ಆಕಾಶ ಕಾಣಲಿಲ್ಲ, ಮೇಲೇನಿದೆಯೋ ತಿಳಿಯದು ಎಂದು.
ಗೊತ್ತಿಲ್ಲ ಎನ್ನುವುದಕ್ಕೂ ಒಂದು ಅಂಕಿ ಇಟ್ಟ ಕಚೇರಿ
ನಾನು ಬೇರೆ ಕಂಡಿಲ್ಲ.

ಮೂರನೆಯ ವರ್ಷ ಗಮನಕ್ಕೆ ಬಂತು.
ನನ್ನ ಪಾಳಿಯ ಮೂರು ಅವರ ಪಾಳಿಗೆ ನಾಲ್ಕು.
ಮಾಗಿಯ ತೊಳೆದಿಟ್ಟಂಥ ಬೆಳಗಿಗೂ ಅವರದ್ದೊಂದು ಒಂದು.
ಹಳೆಯ ಪುಸ್ತಕ ತಿರುವಿದೆ.
ವರ್ಷದಿಂದ ವರ್ಷಕ್ಕೆ ಊರ ಮೇಲೆ ಮೋಡ
ತುಸು ತುಸುವೇ ಕೂಡುತ್ತ ಬಂದಿತ್ತು,
ಅವರ ದುಂಡಕ್ಷರದಲ್ಲಿ ಮಾತ್ರ.

ಹೇಳಲಿಲ್ಲ.
ಫ್ಲಾಸ್ಕಿನ ಕಾಫಿಯಲ್ಲಿ ಅರ್ಧ ನನಗೆ ಬಗ್ಗಿಸುವಾಗ
ಲೋಟದ ಬಾಯಿ ತಪ್ಪಿ ಮೇಜಿಗೆ ಚೆಲ್ಲುತ್ತಿದ್ದರು.
ಒರೆಸುತ್ತಿದ್ದೆ.

ಕೊನೆಗೆ ಮಗಳೇ ಎಳೆದುಕೊಂಡು ಮೈಸೂರಿಗೆ ಹೋದಳು.
ಪಟ್ಟಿ ಬಿಚ್ಚಿ ಬಂದ ದಿನ, ಎಂಟೂವರೆಗೆ,
ಅಂಗಳಕ್ಕಿಳಿದು ಕತ್ತೆತ್ತಿದವರು
ಇಳಿಸಲೇ ಇಲ್ಲ.
ಇಷ್ಟು ವರ್ಷ ನನ್ನ ಕಣ್ಣಿನ ಪೊರೆಯನ್ನೂ
ಸರ್ಕಾರಕ್ಕೆ ಲೆಕ್ಕ ಕೊಟ್ಟೆನಲ್ಲ ಮಾರಾಯ್ತಿ!
ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ನಮ್ಮ ಪುಸ್ತಕದಲ್ಲಿ ಅಳಿಸುವಂತಿಲ್ಲ,
ತಪ್ಪಿದ್ದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಬೇಕು.
ಆದರೆ ಯಾವ ಬೆಳಗಿಗೆ?
ಪೊರೆ ಬಂದ ತಾರೀಖು ಯಾರು ಇಟ್ಟಿದ್ದಾರೆ?
ನಿವೃತ್ತಿಯ ಸಂಜೆ, ಹಾರ ತೆಗೆದು ಕುರ್ಚಿಗೆ ಹಾಕಿ,
ಷರಾ ಕಲಮಿನಲ್ಲಿ ಬರೆದರು:
"ಹಿಂದಿನ ಕೆಲವು ವರ್ಷ ಮೋಡ ಒಂದು ಹೆಚ್ಚಿರಬಹುದು.
ಕಣ್ಣು ನನ್ನದು."
ಕೆಳಗೆ ರುಜು.

ಇವತ್ತು ಬೆಳಿಗ್ಗೆ
ಸುಂಟಿಕೊಪ್ಪದ ಕಾಲಿನಲ್ಲಿ ಬೆರಳುಗುರಷ್ಟು ನೀಲಿ.
ಬಲಗಣ್ಣು ಮುಚ್ಚಿ ನೋಡಿದೆ,
ಎಡಗಣ್ಣು ಮುಚ್ಚಿ ನೋಡಿದೆ.
ಏಳು ಎಂದು ಬರೆದು ಪೆನ್ನು ಎತ್ತುವಷ್ಟರಲ್ಲಿ
ಅದೂ ಮುಚ್ಚಿಹೋಯಿತು.